ತೂಕ ನೋಡಿದ್ದು ಸಾಕು, ಹೊಟ್ಟೆ ಅಳೆಯಿರಿ

ಪ್ಯಾಂಟ್ ಸೈಜ್ 34 ಅಂದ ಮಾತ್ರಕ್ಕೆ ಹೊಟ್ಟೆಯ ಸುತ್ತಳತೆಯೂ 34 ಇಂಚು ಅಂದುಕೊಳ್ಳಬೇಡಿ. ನಲವತ್ತು ದಾಟಿದ ಗಂಡಸರಲ್ಲಿ ಬಹಳ ಜನ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಬೆಲ್ಟ್ ಬಿಗಿಯುತ್ತಾರೆ. ಹೊಟ್ಟೆ ಮುಂದಕ್ಕೆ ಬಂದ ಹಾಗೆಲ್ಲ ಬೆಲ್ಟ್ ಇನ್ನಷ್ಟು ಕೆಳಗೆ ಜಾರುತ್ತದೆ, ಸೈಜ್ ಮಾತ್ರ ಹಾಗೇ ಇರುತ್ತದೆ. "ಮದುವೆ ಆದಾಗಿನಿಂದ ಒಂದೇ ಸೈಜ್ ಕಣ್ರೀ" ಅನ್ನುವವರ ಹೊಟ್ಟೆಗೆ ಟೇಪು ಸುತ್ತಿದರೆ 39, 40 ಇಂಚು ಬರುವುದು ಅಪರೂಪವೇನಲ್ಲ. ಹೆಂಗಸರಿಗಂತೂ ಗೊತ್ತಾಗುವುದು ಇನ್ನೂ ಕಷ್ಟ. ಸೀರೆಗೆ ಸೈಜೇ ಇಲ್ಲ, ಚೂಡಿದಾರದ ಲಾಡಿ ಎಷ್ಟು ಬೇಕಾದರೂ ಸಡಿಲ ಆಗುತ್ತದೆ.

ತೂಕದ ಯಂತ್ರವೂ ಇದನ್ನು ಹೇಳುವುದಿಲ್ಲ. ಕೈಕಾಲು ಸಣ್ಣ, ಮುಖ ಸಣ್ಣ, ಹೊಟ್ಟೆ ಮಾತ್ರ ಮುಂದೆ. ಇಂಥ ಮೈಕಟ್ಟು ನಮ್ಮಲ್ಲಿ ತೀರಾ ಸಾಮಾನ್ಯ. ತೂಕ "ಸರಿಯಾಗೇ ಇದೆ", ಆದರೆ ಶುಗರ್, ಬಿಪಿ, ಹಾರ್ಟ್ ಅಟ್ಯಾಕ್ ಮೂರರ ಅಪಾಯವೂ ಏರಿರುತ್ತದೆ. ಹೊಟ್ಟೆಯನ್ನು ಹೇಗೆ ಅಳೆಯಬೇಕು, ಬಂದ ಅಂಕಿಯನ್ನು ಏನು ಮಾಡಬೇಕು, ಯಾವ ಟೆಸ್ಟ್ ಮಾಡಿಸಬೇಕು, ಊಟ-ಓಡಾಟದಲ್ಲಿ ಎಲ್ಲಿಂದ ಶುರು ಮಾಡಬೇಕು, ಇಷ್ಟನ್ನು ಒಂದೊಂದಾಗಿ ನೋಡೋಣ.

ಹೊಟ್ಟೆಯ ಕೊಬ್ಬಿಗೇ ಯಾಕೆ ಇಷ್ಟು ಭಯ?

ಬೆರಳಲ್ಲಿ ಹಿಡಿದು ಎಳೆದರೆ ಸಿಗುವ ಕೊಬ್ಬು ಚರ್ಮದ ಕೆಳಗಿನದ್ದು. ತೊಡೆ, ಸೊಂಟ, ತೋಳಿನಲ್ಲಿ ಇರುವುದು ಹೆಚ್ಚಾಗಿ ಇದೇ. ನೋಡಲು ಬೇಸರ ತರಬಹುದು, ಆದರೆ ಅಷ್ಟೇನೂ ಕೆಡುಕು ಮಾಡುವುದಿಲ್ಲ. ಕಾಟ ಕೊಡುವುದು ಒಳಗಿನ ಕೊಬ್ಬು. ಇದು ಹೊಟ್ಟೆಯ ಸ್ನಾಯುವಿನ ಹಿಂದೆ, ಕರುಳು, ಲಿವರ್, ಮೂತ್ರಪಿಂಡದ ಸುತ್ತ ಸೇರಿಕೊಂಡಿರುತ್ತದೆ. ಗಟ್ಟಿಯಾಗಿ ಮುಂದೆ ಬಂದ, ಹಿಡಿದರೆ ಕೈಗೆ ಸಿಗದ ಹೊಟ್ಟೆಯಲ್ಲಿ ಇದು ಜಾಸ್ತಿ.

ಈ ಒಳಕೊಬ್ಬು ಸುಮ್ನೆ ಕೂತಿರುವುದಿಲ್ಲ. ಇದರಿಂದ ಕೊಬ್ಬಿನ ಆಮ್ಲಗಳು ರಕ್ತಕ್ಕೆ ಸೇರುತ್ತಲೇ ಇರುತ್ತವೆ. ಕರುಳಿನ ಸುತ್ತಲಿನ ರಕ್ತ ನೇರ ಲಿವರ್‌ಗೆ ಹೋಗುವುದರಿಂದ ಮೊದಲ ಪೆಟ್ಟು ಬೀಳುವುದು ಅಲ್ಲಿಗೇ. ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ, ಅದು ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತು ಕೇಳುವುದನ್ನು ಬಿಡುತ್ತದೆ. ರಾತ್ರಿಯೆಲ್ಲ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಇಳಿಯುತ್ತದೆ. ಜೊತೆಗೆ ಈ ಕೊಬ್ಬಿನಿಂದ ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ಹೊರಟು ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತವೆ. ರಾತ್ರಿ ಊಟ ಹಗುರವಾಗೇ ಮಾಡಿದ್ದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ 110 ಬರುವುದು ಯಾಕೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಬಹಳ ಸಲ ಲಿವರ್‌ನಲ್ಲೇ ಸಿಗುತ್ತದೆ.

ಮೈ ದಪ್ಪ ಇರುವುದಕ್ಕಿಂತ ಕೊಬ್ಬು ಎಲ್ಲಿ ಕೂತಿದೆ ಅನ್ನುವುದೇ ಮುಖ್ಯ ಅಂತ ಫ್ರಾನ್ಸ್‌ನ ವೈದ್ಯ ಜೀನ್ ವಾಗ್ 1947ರಷ್ಟು ಹಿಂದೆಯೇ ಬರೆದಿದ್ದರು. 2004ರಲ್ಲಿ ಅಮೆರಿಕದಲ್ಲಿ ಒಂದು ಚಿಕ್ಕ ಪ್ರಯೋಗ ನಡೆಯಿತು. ದಪ್ಪ ಇದ್ದ 15 ಹೆಂಗಸರ ಹೊಟ್ಟೆಯಿಂದ ಲೈಪೋಸಕ್ಷನ್ (ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿ ತಲಾ ಸುಮಾರು 10 ಕೆಜಿ ಕೊಬ್ಬು ತೆಗೆದರು. ಇನ್ಸುಲಿನ್ ಕೆಲಸ ಮಾಡುವ ರೀತಿ, ಬಿಪಿ, ಕೊಲೆಸ್ಟ್ರಾಲ್ ಯಾವುದೂ ಸುಧಾರಿಸಲಿಲ್ಲ. ತೆಗೆದದ್ದು ಚರ್ಮದ ಕೆಳಗಿನದ್ದು. ಒಳಗಿನದ್ದು ಇದ್ದಲ್ಲೇ ಇತ್ತು.

ಭಾರತೀಯರ ಕಥೆ ಇನ್ನೂ ಒಂದು ಕೈ ಮೇಲೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೋವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಇಂಥ ಅಪಾಯದ ಬೇರು ತಾಯಿಯ ಹೊಟ್ಟೆಯಲ್ಲೇ ಇರಬಹುದು ಅನ್ನುವುದಕ್ಕೆ ಮೈಸೂರಿನಲ್ಲೇ ಸುಳಿವು ಸಿಕ್ಕಿದೆ. ಅಲ್ಲಿನವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಾಖಲೆಗಳಿವೆ. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಹಾಗಾಗಿ ಹೊಟ್ಟೆ ಬಂದವರನ್ನೆಲ್ಲ "ತಿಂದು ತಿಂದು ಹೀಗಾಗಿದಾನೆ" ಅಂತ ಆಡಿಕೊಳ್ಳುವುದು ಅನ್ಯಾಯ. ನಮ್ಮ ಮೈಯೇ ಸ್ವಲ್ಪ ಹಾಗೆ.

ಮೊದಲ ಹೆಜ್ಜೆ: ಸರಿಯಾಗಿ ಅಳೆಯುವುದು

ಟೈಲರ್ ಟೇಪು ಸಾಕು. ಹಳೆಯದಾಗಿ ಹಿಗ್ಗಿದ್ದರೆ ಬೇಡ, ಸ್ಕೇಲ್ ಪಕ್ಕ ಇಟ್ಟು ಒಮ್ಮೆ ನೋಡಿಕೊಳ್ಳಿ. ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ ಅಳೆಯುವುದು ಒಳ್ಳೆಯದು. ಬಟ್ಟೆಯ ಮೇಲೆ ಅಳೆಯಬೇಡಿ.

ಕಾಲು ಜೋಡಿಸಿ ನೇರ ನಿಲ್ಲಿ. ಪಕ್ಕೆಯಲ್ಲಿ ಬೆರಳು ಒತ್ತಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ನೋಡಿ. ಅಲ್ಲಿಂದ ಬೆರಳು ಕೆಳಗೆ ಇಳಿಸಿ. ಸ್ವಲ್ಪ ದೂರ ಮೆತ್ತಗಿರುತ್ತದೆ, ಆಮೇಲೆ ಸೊಂಟದ ಮೂಳೆಯ ಅಂಚು ಗಟ್ಟಿಯಾಗಿ ಸಿಗುತ್ತದೆ. ಈ ಎರಡರ ನಡುವಿನ ಜಾಗಕ್ಕೆ ಪೆನ್ನಲ್ಲಿ ಒಂದು ಗುರುತು ಹಾಕಿ. ಟೇಪು ಹೋಗಬೇಕಾದದ್ದು ಇದರ ಮೇಲೆ. ಬಹಳ ಜನರಿಗೆ ಇದು ಹೊಕ್ಕುಳಿನ ಹತ್ತಿರ ಬರುತ್ತದೆ, ಆದರೆ ಹೊಟ್ಟೆ ಜೋತು ಬಿದ್ದಿದ್ದರೆ ಹೊಕ್ಕುಳೂ ಕೆಳಗೆ ಇಳಿದಿರುತ್ತದೆ, ಹಾಗಾಗಿ ಅದನ್ನು ನಂಬಬೇಡಿ. ಟೇಪು ಬೆನ್ನ ಹಿಂದೆ ಮೇಲೆ ಕೆಳಗೆ ಆಗದೆ ನೆಲಕ್ಕೆ ಸಮನಾಗಿ ಇರಬೇಕು. ಕನ್ನಡಿ ಮುಂದೆ ನಿಂತರೆ ಗೊತ್ತಾಗುತ್ತದೆ, ಮನೆಯವರು ಹಿಡಿದರೆ ಇನ್ನೂ ಸುಲಭ. ಮೈಗೆ ತಾಗಬೇಕು, ಒತ್ತಬಾರದು.

ಈಗ ಉಸಿರು ಸಹಜವಾಗಿ ಬಿಡಿ. ಬಿಟ್ಟ ಮೇಲೆ, ಮತ್ತೆ ಎಳೆಯುವ ಮುಂಚೆ ಅಂಕಿ ಓದಿ. ಇಲ್ಲೇ ಎಲ್ಲರೂ ಮೋಸ ಮಾಡುವುದು. ಟೇಪು ಕಂಡ ತಕ್ಷಣ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ. ಫೋಟೋಗೆ ನಿಂತ ಅಭ್ಯಾಸ ಅಲ್ವಾ! ಎರಡು ಸಲ ಅಳೆಯಿರಿ, ವ್ಯತ್ಯಾಸ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಬಂದರೆ ಇನ್ನೊಂದು ಸಲ. ಸೆಂಟಿಮೀಟರ್‌ನಲ್ಲೇ ಬರೆದಿಡಿ, ಸಣ್ಣ ಬದಲಾವಣೆಯೂ ಕಾಣುತ್ತದೆ. ಬಸುರಿಯರಿಗೆ ಈ ಅಳತೆ ಅನ್ವಯಿಸುವುದಿಲ್ಲ.

ಎರಡನೇ ಹೆಜ್ಜೆ: ಅಂಕಿಗೆ ಅರ್ಥ ಹಚ್ಚುವುದು

ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಇಂಚಿನಲ್ಲಿ ಸುಮಾರು 35.5 ಮತ್ತು 31.5. ಇಂಟರ್ನೆಟ್‌ನಲ್ಲಿ ಹುಡುಕಿದರೆ 102 ಮತ್ತು 88 ಅಂತಲೂ ಸಿಗುತ್ತದೆ. ಅದು ಅಮೆರಿಕದ ಲೆಕ್ಕ. "ನಂದು 98, ಇನ್ನೂ ನಾಲ್ಕು ಸೆಂಟಿಮೀಟರ್ ಜಾಗ ಇದೆ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಬಿಎಂಐ ಗಡಿಯೂ ನಮಗೆ ಬೇರೆ. 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು.

ನೆನಪಿಡಲು ಇನ್ನೂ ಸುಲಭದ್ದು ಒಂದಿದೆ. ಹೊಟ್ಟೆಯ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಐದು ಅಡಿ ನಾಲ್ಕು ಇಂಚು ಎತ್ತರ ಇದ್ದರೆ 64 ಇಂಚು, ಅರ್ಧ 32. ಟೇಪು ಸಿಗದಿದ್ದರೆ ಎತ್ತರದಷ್ಟು ಉದ್ದದ ದಾರ ಕತ್ತರಿಸಿ, ಎರಡು ಮಡಿಕೆ ಮಾಡಿ ಹೊಟ್ಟೆಗೆ ಸುತ್ತಿ. ತುದಿ ಮುಟ್ಟದಿದ್ದರೆ ಉತ್ತರ ಗೊತ್ತಾಯಿತು.

ಈ ಗಡಿ ದಾಟಿದವರು ಎಷ್ಟು ಜನ? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇಡೀ ದೇಶದಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ದೊಡ್ಡವರಲ್ಲಿ ಶೇ. 39.5 ಜನರಿಗೆ ಹೊಟ್ಟೆಯ ಬೊಜ್ಜು. ಮೈಪೂರ್ತಿ ಬೊಜ್ಜು ಇದ್ದವರು ಶೇ. 28.6. ಅಂದರೆ ತೂಕದ ಲೆಕ್ಕದಲ್ಲಿ "ನಾರ್ಮಲ್" ಅನ್ನಿಸಿಕೊಂಡು ಹೊಟ್ಟೆ ಹೊತ್ತು ತಿರುಗುವವರು ಬಹಳ ಮಂದಿ ಇದ್ದಾರೆ.

ಹೃದಯಕ್ಕೂ ಹೊಟ್ಟೆಗೂ ಇರುವ ನಂಟನ್ನು ದೊಡ್ಡ ಮಟ್ಟದಲ್ಲಿ ತೋರಿಸಿದ್ದು ಇಂಟರ್‌ಹಾರ್ಟ್ ಅಧ್ಯಯನ. 52 ದೇಶ, ಸುಮಾರು 30,000 ಜನ, 2004ರಲ್ಲಿ ಪ್ರಕಟ. ಇದರ ಮುಂದಾಳು ಡಾ. ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಹಾರ್ಟ್ ಅಟ್ಯಾಕ್ ಅಪಾಯವನ್ನು ಬಿಎಂಐಗಿಂತ ಹೊಟ್ಟೆ-ಸೊಂಟದ ಅಳತೆಯೇ ಚೆನ್ನಾಗಿ ಹೇಳುತ್ತದೆ ಅಂತ ಇದರಲ್ಲಿ ಗೊತ್ತಾಯಿತು. ಅದೇ ಅಧ್ಯಯನದ ಇನ್ನೊಂದು ಅಂಕಿ ಮನಸ್ಸಿಗೆ ನಾಟುವಂಥದ್ದು. ಮೊದಲ ಹಾರ್ಟ್ ಅಟ್ಯಾಕ್ ಆಗುವ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53ರ ಆಸುಪಾಸು, ಉಳಿದವರಲ್ಲಿ 59ರ ಹತ್ತಿರ.

ಮೂರನೇ ಹೆಜ್ಜೆ: ಕಾಗದದ ಮೇಲೆ ಒಂದು ಲೆಕ್ಕ

ರಕ್ತ ಕೊಡುವ ಮುಂಚೆಯೇ ಶುಗರ್ ಅಪಾಯ ಎಷ್ಟಿದೆ ಅಂತ ಅಂದಾಜು ಮಾಡಬಹುದು. ಚೆನ್ನೈನ ಡಾ. ವಿ. ಮೋಹನ್ ಮತ್ತು ಜೊತೆಗಾರರು 2005ರಲ್ಲಿ ಭಾರತೀಯರಿಗೆ ಅಂತಲೇ ಒಂದು ಅಂಕಪಟ್ಟಿ ಮಾಡಿದ್ದಾರೆ. ನಾಲ್ಕೇ ಪ್ರಶ್ನೆ.

ವಯಸ್ಸು 35ಕ್ಕಿಂತ ಕಡಿಮೆ ಇದ್ದರೆ 0, 35ರಿಂದ 49 ಇದ್ದರೆ 20, 50 ಅಥವಾ ಮೇಲೆ 30.

ಹೊಟ್ಟೆ ಗಡಿಯ ಒಳಗಿದ್ದರೆ 0. ಗಂಡಸರಿಗೆ 90ರಿಂದ 99, ಹೆಂಗಸರಿಗೆ 80ರಿಂದ 89 ಸೆಂ.ಮೀ. ಇದ್ದರೆ 10. ಅದಕ್ಕೂ ಮೇಲಿದ್ದರೆ 20.

ಮೈಮುರಿಯುವ ಕೆಲಸ, ವ್ಯಾಯಾಮ ಎರಡೂ ಇದ್ದರೆ 0. ಒಂದೇ ಇದ್ದರೆ 20. ಎರಡೂ ಇಲ್ಲದಿದ್ದರೆ 30.

ಅಪ್ಪ-ಅಮ್ಮ ಇಬ್ಬರಿಗೂ ಶುಗರ್ ಇಲ್ಲದಿದ್ದರೆ 0, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಒಟ್ಟು 60 ಅಥವಾ ಜಾಸ್ತಿ ಬಂದರೆ ಅಪಾಯ ಹೆಚ್ಚು. ಒಂದು ಉದಾಹರಣೆ ನೋಡಿ. 42 ವರ್ಷದ ಗಂಡಸು, ಕಂಪ್ಯೂಟರ್ ಮುಂದಿನ ಕೆಲಸ, ವ್ಯಾಯಾಮ ಇಲ್ಲ, ಹೊಟ್ಟೆ 96 ಸೆಂ.ಮೀ., ತಾಯಿಗೆ ಶುಗರ್. 20, 10, 30, 10, ಒಟ್ಟು 70. ವಯಸ್ಸನ್ನು ಹಿಂದಕ್ಕೆ ತಳ್ಳಲು ಆಗುವುದಿಲ್ಲ, ತಾಯಿಯನ್ನು ಬದಲಾಯಿಸಲು ಆಗುವುದಿಲ್ಲ. ಆದರೆ ದಿನಾ ನಡೆಯಲು ಶುರು ಮಾಡಿ, ಹೊಟ್ಟೆಯನ್ನು 90ರ ಒಳಗೆ ತಂದರೆ ಅದೇ ಮನುಷ್ಯನ ಅಂಕ 50ಕ್ಕೆ ಇಳಿಯುತ್ತದೆ. ನಮ್ಮ ಕೈಯಲ್ಲಿರುವುದು ಈ ಎರಡೇ.

30 ದಾಟಿದವರಿಗೆ ಸರ್ಕಾರದ ತಪಾಸಣೆಯೂ ಇದೆ. ಆಶಾ ಕಾರ್ಯಕರ್ತೆಯರು ತುಂಬಿಸುವ ಫಾರಂನಲ್ಲಿ ಹೊಟ್ಟೆಯ ಸುತ್ತಳತೆಗೇ ಒಂದು ಕಾಲಂ ಇದೆ. ಅವರು ಮನೆಗೆ ಬಂದಾಗ "ನಮಗೇನೂ ಇಲ್ಲಮ್ಮ" ಅಂತ ಬಾಗಿಲಲ್ಲೇ ಕಳಿಸಿಬಿಡಬೇಡಿ.

ನಾಲ್ಕನೇ ಹೆಜ್ಜೆ: ಟೆಸ್ಟ್ ಮಾಡಿಸಿ, ರಿಪೋರ್ಟ್ ನೀವೇ ಓದಿ

ದೊಡ್ಡ ಪ್ಯಾಕೇಜ್ ಬೇಕಿಲ್ಲ. ಎಪ್ಪತ್ತು ಎಂಬತ್ತು ಟೆಸ್ಟ್ ಇರುವ ಆಫರ್‌ಗಳಲ್ಲಿ ಅರ್ಧಕ್ಕರ್ಧ ಸುಮ್ನೆ ಭಯಪಡಿಸಲು ಅಂತ ನನ್ನ ಅಭಿಪ್ರಾಯ. ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್), ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್), ಲಿವರ್‌ನ ಎಎಲ್‌ಟಿ, ಮೂತ್ರಪಿಂಡದ ಕ್ರಿಯಾಟಿನಿನ್, ಜೊತೆಗೆ ಬಿಪಿ. ಶುರುವಿಗೆ ಇಷ್ಟು ಸಾಕು.

ರಿಪೋರ್ಟ್ ಕೈಗೆ ಬಂದ ಮೇಲೆ ಐದು ವಿಷಯ ನೋಡಿ. ಹೊಟ್ಟೆ ಗಡಿ ದಾಟಿದೆಯಾ? ಟ್ರೈಗ್ಲಿಸರೈಡ್ 150 ಅಥವಾ ಜಾಸ್ತಿ ಇದೆಯಾ? ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ ಇದೆಯಾ? ಬಿಪಿ 130/85 ಮುಟ್ಟಿದೆಯಾ? ಖಾಲಿ ಹೊಟ್ಟೆಯ ಶುಗರ್ 100 ಅಥವಾ ಮೇಲಿದೆಯಾ? ಐದರಲ್ಲಿ ಮೂರಕ್ಕೆ "ಹೌದು" ಬಂದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ಬಿಪಿಗೋ ಶುಗರ್‌ಗೋ ಈಗಾಗಲೇ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ "ಹೌದು" ಅಂತಲೇ ಲೆಕ್ಕ ಹಿಡಿಯಿರಿ.

ಇದರಲ್ಲಿ ಒಂದು ತೊಡಕಿದೆ. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಾಗಿ ಕಾಣುವುದಿಲ್ಲ. ಶುಗರ್ 106, ಬಿಪಿ 134, ಟ್ರೈಗ್ಲಿಸರೈಡ್ 180. "ಬಾರ್ಡರ್‌ನಲ್ಲಿದೆ, ಏನಿಲ್ಲ" ಅಂತ ರಿಪೋರ್ಟ್ ಬೀರುವಿಗೆ ಹೋಗುತ್ತದೆ. ಮೂರೂ ಒಟ್ಟಿಗೆ ಬಾರ್ಡರ್‌ನಲ್ಲಿ ಇರುವುದೇ ಸುದ್ದಿ. ಇವೆಲ್ಲ ಒಂದೇ ಬೇರಿನಿಂದ ಬಂದವು ಅಂತ ಅಮೆರಿಕದ ಡಾ. ಜೆರಾಲ್ಡ್ ರೀವನ್ 1988ರಲ್ಲಿ ಹೇಳಿದರು. ಆ ಬೇರು ಇನ್ಸುಲಿನ್‌ಗೆ ಮೈ ಬಗ್ಗದೇ ಇರುವುದು.

ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಶುಗರ್‌ನ ಮುಂಚಿನ ಹಂತ, 6.5 ಅಥವಾ ಮೇಲಿದ್ದರೆ ಶುಗರ್. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಷ್ಟಿರಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು, ಅದನ್ನು ಡಾಕ್ಟರ್ ಹತ್ತಿರವೇ ಕೇಳಿ. ಸ್ಕ್ಯಾನಿಂಗ್‌ನಲ್ಲಿ "ಫ್ಯಾಟಿ ಲಿವರ್ ಗ್ರೇಡ್ 1" ಅಂತ ಬಂದರೆ "ಎಲ್ಲರಿಗೂ ಇರುತ್ತೆ ಬಿಡಿ" ಅನ್ನುವ ಮಾತು ಕೇಳುತ್ತದೆ. ಎಲ್ಲರಿಗೂ ಇದೆ ಅಂದರೆ ಎಲ್ಲರಿಗೂ ತೊಂದರೆ ಇದೆ ಅಂತ ಅರ್ಥ. ಹೊಟ್ಟೆಯ ಕೊಬ್ಬು ಲಿವರ್ ತಲುಪಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಬಿಪಿ ನೋಡುವಾಗ ಐದು ನಿಮಿಷ ಸುಮ್ಮನೆ ಕೂತಿರಬೇಕು, ಅರ್ಧ ಗಂಟೆಯಿಂದ ಕಾಫಿ, ಬೀಡಿ-ಸಿಗರೇಟು ಮುಟ್ಟಿರಬಾರದು, ಕಾಲು ನೆಲದ ಮೇಲಿರಬೇಕು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನೋಡಿಸಿಕೊಂಡ ಬಿಪಿಗೆ ಬೆಲೆ ಇಲ್ಲ.

ಐದನೇ ಹೆಜ್ಜೆ: ತಟ್ಟೆ

ನಮ್ಮ ಊಟದ ತೊಂದರೆ ಎಣ್ಣೆಯಿಂದ ಅಂತ ಹೆಚ್ಚಿನವರು ತಿಳಿದಿದ್ದಾರೆ. ಎಣ್ಣೆಯದ್ದೂ ಪಾಲಿದೆ. ಆದರೆ ದೊಡ್ಡ ಪಾಲು ಅನ್ನ, ಮುದ್ದೆ, ರೊಟ್ಟಿ, ದೋಸೆ, ಉಪ್ಪಿಟ್ಟಿನದು. ಬೆಳಿಗ್ಗೆ ಇಡ್ಲಿ ಅಥವಾ ಅವಲಕ್ಕಿ, ಮಧ್ಯಾಹ್ನ ಅನ್ನ-ಸಾರು, ಸಂಜೆ ಬಿಸ್ಕತ್ತು ಅಥವಾ ಮಂಡಕ್ಕಿ, ರಾತ್ರಿ ಮತ್ತೆ ಅನ್ನ ಇಲ್ಲವೇ ಚಪಾತಿ. ಇದರಲ್ಲಿ ಪ್ರೊಟೀನ್ ಎಲ್ಲಿದೆ ಹುಡುಕಿ. ತಿಳಿಸಾರಿನಲ್ಲಿ ತೇಲುವ ನಾಲ್ಕು ಬೇಳೆ ಲೆಕ್ಕಕ್ಕೆ ಬರುವುದಿಲ್ಲ. ಭಾರತೀಯರ ಒಟ್ಟು ಕ್ಯಾಲೊರಿಯಲ್ಲಿ ಶೇ. 62ರಷ್ಟು ಪಿಷ್ಟ-ಸಕ್ಕರೆಯಿಂದ ಬರುತ್ತದೆ ಅಂತ ಐಸಿಎಂಆರ್ ಸಮೀಕ್ಷೆ ಹೇಳಿದೆ. ಧಾನ್ಯಗಳ ಪಾಲು ಶೇ. 45 ದಾಟಬಾರದು ಅನ್ನುವುದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಸಲಹೆ.

ಮುದ್ದೆ ಅಭಿಮಾನಿಗಳಿಗೆ ಒಂದು ಮಾತು, ಕೋಪ ಬೇಡ. ರಾಗಿ ಒಳ್ಳೆಯದೇ, ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ಅನ್ನ ಬಿಟ್ಟು ಅದರಷ್ಟೇ ದೊಡ್ಡ ಮುದ್ದೆ ನುಂಗಿದರೆ ಹೊಟ್ಟೆ ಇಳಿಯುವುದಿಲ್ಲ. ಗದ್ದೆಯಲ್ಲಿ ಬೆಳಗಿನಿಂದ ದುಡಿದವರು ತಿಂದ ಮುದ್ದೆಯ ಗಾತ್ರ ಬೇರೆ, ಲಿಫ್ಟ್‌ನಲ್ಲಿ ಇಳಿದು ಕಾರು ಹತ್ತುವವರಿಗೆ ಬೇಕಾದ ಗಾತ್ರ ಬೇರೆ. ಸಿರಿಧಾನ್ಯಕ್ಕೂ ಇದೇ ಮಾತು. ಧಾನ್ಯ ಬದಲಿಸುವುದಕ್ಕಿಂತ ಅಳತೆ ಇಳಿಸಿ, ಆ ಜಾಗಕ್ಕೆ ಕಾಳು, ಮೊಸರು, ಮೊಟ್ಟೆ, ಮೀನು ತರುವುದೇ ಕೆಲಸ ಮಾಡುವುದು.

ತಟ್ಟೆಯನ್ನು ಹೀಗೆ ಬಡಿಸಿಕೊಳ್ಳಿ. ಮೊದಲು ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೌತೆಕಾಯಿ, ಸೊಪ್ಪು. ಆಲೂಗಡ್ಡೆ ಪಲ್ಯ ಇದಕ್ಕೆ ಸೇರುವುದಿಲ್ಲ, ಅದು ಅನ್ನದ ಕಡೆಯ ನೆಂಟ. ಆಮೇಲೆ ಕಾಲು ತಟ್ಟೆ ಗಟ್ಟಿ ಪದಾರ್ಥ. ಹುರುಳಿಕಾಳು, ಮೊಳಕೆ ಹೆಸರುಕಾಳು, ಅವರೆಕಾಳು, ಅಲಸಂದೆ, ಕಡಲೆ ಉಸಲಿ, ಬಸ್ಸಾರಿನ ಜೊತೆಯ ಕಾಳು-ಸೊಪ್ಪಿನ ಪಲ್ಯ, ಕರಾವಳಿಯವರಿಗೆ ಬೂತಾಯಿ, ಬಂಗುಡೆ. ಉಳಿದ ಕಾಲು ಭಾಗಕ್ಕೆ ಮಾತ್ರ ಅನ್ನ ಅಥವಾ ಮುದ್ದೆ ಅಥವಾ ರೊಟ್ಟಿ. "ಅಥವಾ" ಅಂದರೆ ಒಂದೇ. ಮುದ್ದೆ ಮುಗಿಸಿ, ಆಮೇಲೆ ಸಾರಿಗೆ ಸ್ವಲ್ಪ ಅನ್ನ, ಕೊನೆಗೆ ಮಜ್ಜಿಗೆಗೆ ಇನ್ನಷ್ಟು ಅನ್ನ, ಈ ಸರಣಿಯಲ್ಲೇ ಲೆಕ್ಕ ತಪ್ಪುವುದು.

ತಿನ್ನುವ ಕ್ರಮವೂ ಮುಖ್ಯ. ಪಲ್ಯ, ಕಾಳು ಮೊದಲು ತಿಂದು ಅನ್ನಕ್ಕೆ ಆಮೇಲೆ ಕೈ ಹಾಕಿದರೆ ಊಟದ ನಂತರ ಶುಗರ್ ಏರುವುದು ಕಡಿಮೆ. ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬರುತ್ತದಲ್ಲ, ಆ ಹೊತ್ತಿನಲ್ಲಿ ಅನ್ನಕ್ಕೆ ಕಾಯುತ್ತಾ ಕೂರಬೇಡಿ, ಅದನ್ನೇ ತಿನ್ನಿ.

ಎಣ್ಣೆಗೆ ಒಂದು ಸುಲಭ ಉಪಾಯ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಕೂತು ಕೆಲಸ ಮಾಡುವ ನಾಲ್ಕು ಜನರ ಮನೆಗೆ, ತುಪ್ಪ ಬೆಣ್ಣೆ ಸೇರಿ, ತಿಂಗಳಿಗೆ ಎರಡೂವರೆಯಿಂದ ಮೂರು ಲೀಟರ್ ಸಾಕು. ಐದು ಲೀಟರ್ ಕ್ಯಾನ್ ತಿಂಗಳಲ್ಲೇ ಖಾಲಿ ಆಗುತ್ತಿದ್ದರೆ ಒಗ್ಗರಣೆ ಸೌಟು ಚಿಕ್ಕದು ಮಾಡಿ. ಯಾವ ಎಣ್ಣೆ ಒಳ್ಳೆಯದು ಅಂತ ಜಗಳ ಆಡುವವರು ಎಷ್ಟು ಅನ್ನುವುದನ್ನು ಮಾತ್ರ ಮಾತಾಡುವುದಿಲ್ಲ.

ಸಕ್ಕರೆ: ಒಂದು ಟೀ ಚಮಚ ಸುಮಾರು 4ರಿಂದ 5 ಗ್ರಾಂ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಅಂದರೆ 35 ಗ್ರಾಂ ಹತ್ತಿರ, ಬೇರೆ ಏನೂ ಸಿಹಿ ತಿನ್ನದೆಯೇ. 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಬೆಲ್ಲ ಹಾಕಿದರೂ ಲಿವರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಣ್ಣಿನ ಜ್ಯೂಸ್ ಬೇಡ, ಹಣ್ಣು ತಿನ್ನಿ. ಬೇಕರಿ ಕಡೆ ಸಂಜೆ ಕಾಲು ತಾನಾಗಿ ಎಳೆಯುತ್ತದೆ, ಗೊತ್ತು. ಖಾರಾ ಬನ್, ಪಫ್, ಬೆಣ್ಣೆ ಬಿಸ್ಕತ್ತು ಮೂರರಲ್ಲೂ ಮೈದಾ ಮತ್ತು ಜಿಡ್ಡು ಬಿಟ್ಟರೆ ಹೆಚ್ಚೇನಿಲ್ಲ. ದಿನಾ ಆದರೆ ತೊಂದರೆ, ವಾರಕ್ಕೊಮ್ಮೆ ಆದರೆ ಸಂತೋಷವಾಗಿ ತಿನ್ನಿ. ಹಬ್ಬದ ಹೋಳಿಗೆಗೂ ಅಡ್ಡಿ ಇಲ್ಲ. ಹೊಟ್ಟೆ ಬರುವುದು ಹಬ್ಬದ ದಿನಗಳಿಂದ ಅಲ್ಲ, ಉಳಿದ ದಿನಗಳಿಂದ.

ಕುಡಿತದ ಬಗ್ಗೆ ಉದ್ದ ಭಾಷಣ ಇಲ್ಲ. ಮದ್ಯದಲ್ಲಿ ಗ್ರಾಮಿಗೆ 7 ಕ್ಯಾಲೊರಿ, ಎಣ್ಣೆಯಲ್ಲಿ 9. ಜೊತೆಗೆ ಸೈಡ್ಸ್ ಅಂತ ಬರುವ ಕಬಾಬ್, ಮಸಾಲೆ ಕಡ್ಲೆಬೀಜ ಬೇರೆ. ಲಿವರ್ ಮದ್ಯವನ್ನು ಸುಡುವ ಕೆಲಸದಲ್ಲಿ ಇರುವಾಗ ಕೊಬ್ಬು ಸುಡುವುದನ್ನು ಮುಂದಕ್ಕೆ ಹಾಕುತ್ತದೆ. ಫ್ಯಾಟಿ ಲಿವರ್ ಇದ್ದವರು ಪೂರ್ತಿ ಬಿಡುವುದೇ ಸರಿ.

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳುವವರು ಅನ್ನ-ರೊಟ್ಟಿಯನ್ನು ಒಮ್ಮೆಲೇ ಅರ್ಧ ಮಾಡಬೇಡಿ. ಶುಗರ್ ತೀರಾ ಇಳಿದು ಬೆವರಿ, ಕೈ ನಡುಗಿ, ತಲೆ ಸುತ್ತಿ ಬೀಳಬಹುದು. ಮೊದಲು ಡಾಕ್ಟರಿಗೆ ಹೇಳಿ ಡೋಸ್ ಸರಿ ಮಾಡಿಸಿಕೊಳ್ಳಿ.

ಆರನೇ ಹೆಜ್ಜೆ: ಕಾಲು, ಮತ್ತು ನಿದ್ದೆ

ಹೊಟ್ಟೆ ಕರಗಿಸಲು ಹೊಟ್ಟೆಯ ವ್ಯಾಯಾಮ ಮಾಡಿದರೆ ಸಾಲದು. ಎಷ್ಟು ಸಿಟ್-ಅಪ್ ಹೊಡೆದರೂ ಒಂದೇ ಜಾಗದ ಕೊಬ್ಬು ಕರಗುವುದಿಲ್ಲ. ಒಳ್ಳೆಯ ಸುದ್ದಿ ಅಂದರೆ ಇಡೀ ಮೈ ಓಡಾಡಿದಾಗ ಒಳಗಿನ ಕೊಬ್ಬೇ ಬೇಗ ಕರಗಲು ಶುರುವಾಗುತ್ತದೆ. ತೂಕದ ಯಂತ್ರದಲ್ಲಿ ಏನೂ ಕಾಣದಿದ್ದರೂ ಟೇಪಿನಲ್ಲಿ ಕಾಣಬಹುದು.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಗುರಿ. ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಫೋನ್ ನೋಡುತ್ತಾ ಪಾರ್ಕ್‌ನಲ್ಲಿ ಅಡ್ಡಾಡುವುದು ಈ ಲೆಕ್ಕಕ್ಕೆ ಸೇರದು. ಅಭ್ಯಾಸ ಇಲ್ಲದವರು ಮೊದಲ ಎರಡು ವಾರ ರಾತ್ರಿ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸಾಕು. ಊಟದ ಮೇಲಿನ ನಡಿಗೆ ಶುಗರ್ ಏರುವುದನ್ನು ಚೆನ್ನಾಗಿ ತಡೆಯುತ್ತದೆ. ಆಮೇಲೆ ವಾರ ವಾರ ಐದು ನಿಮಿಷ ಸೇರಿಸುತ್ತಾ ಹೋಗಿ.

ವಾರಕ್ಕೆ ಎರಡು ದಿನ ಸ್ನಾಯುವಿಗೂ ಕೆಲಸ ಕೊಡಿ. ನಮ್ಮವರಲ್ಲಿ ಕೊಬ್ಬು ಜಾಸ್ತಿ ಅನ್ನುವುದರ ಜೊತೆ ಸ್ನಾಯು ಕಡಿಮೆ ಅನ್ನುವುದೂ ಇದೆ. ತಿಂದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಬೇಕಾದದ್ದು ಸ್ನಾಯುವಿಗೆ. ಸ್ನಾಯುವೇ ಇಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕು? ಬಸ್ಕಿ ಬಹಳ ಒಳ್ಳೆಯದು. ಶಾಲೆಯಲ್ಲಿ ಶಿಕ್ಷೆ ಅಂತ ಹೊಡೆಸಿ ಅದರ ಮರ್ಯಾದೆ ತೆಗೆದರು ಅಷ್ಟೆ. ಮಂಡಿ ನೋವು ಇದ್ದವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ ಮಾಡಿ, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯಿರಿ.

ತೂಕ ಇಳಿಯದಿದ್ದರೆ ಎಲ್ಲ ವ್ಯರ್ಥ ಅಂತ ಬೇಜಾರಾಗಬೇಡಿ. ಶುಗರ್ ಗಡಿಯಲ್ಲಿದ್ದವರ ಮೇಲೆ ಭಾರತದಲ್ಲೇ ಮೂರು ವರ್ಷ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಊಟ-ನಡಿಗೆ ಸರಿ ಮಾಡಿಕೊಂಡವರಿಗೆ ಶುಗರ್ ಬರುವುದು ಶೇ. 28.5ರಷ್ಟು ಕಡಿಮೆಯಾಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.

ನಿದ್ದೆಯನ್ನು ಈ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರಿಗೆ ಎರಡು ವಾರ ದಿನಕ್ಕೆ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹೊಟ್ಟೆಯ ಒಳಕೊಬ್ಬು ಸುಮಾರು ಶೇ. 11ರಷ್ಟು ಏರಿತು. ತೂಕದಲ್ಲಿ ವ್ಯತ್ಯಾಸ ಅತಿ ಸಣ್ಣದು. ನೈಟ್ ಶಿಫ್ಟ್ ಮಾಡುವವರು, ಹನ್ನೆರಡರವರೆಗೆ ಮೊಬೈಲ್ ಹಿಡಿದು ಐದಕ್ಕೆ ಏಳುವವರು ಇದನ್ನು ಮತ್ತೊಮ್ಮೆ ಓದಿ. ಹೊಟ್ಟೆ ಇದ್ದು ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತ ಹಾಗಾಗಿ, ಹಗಲೆಲ್ಲ ತೂಕಡಿಸುವವರು ಸ್ಲೀಪ್ ಅಪ್ನಿಯಾ ತಪಾಸಣೆ ಮಾಡಿಸಿಕೊಳ್ಳಬೇಕು.

ಏನು ನಿರೀಕ್ಷಿಸಬೇಕು, ಏನಕ್ಕೆ ದುಡ್ಡು ಹಾಕಬಾರದು

ಒಂದು ಕೆಜಿ ಇಳಿದರೆ ಹೊಟ್ಟೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಇಳಿಯುತ್ತದೆ. ವಾರಕ್ಕೆ ಅರ್ಧ ಕೆಜಿ ಒಳ್ಳೆಯ ವೇಗ. ಇರುವ ತೂಕದಲ್ಲಿ ಶೇ. 5ರಿಂದ 10 ಇಳಿದರೂ ಶುಗರ್, ಬಿಪಿ, ಲಿವರ್ ಮೂರೂ ಸುಧಾರಿಸುತ್ತವೆ. ಟೇಪನ್ನು ದಿನಾ ಹಿಡಿಯಬೇಡಿ, ತಿಂಗಳಿಗೊಮ್ಮೆ ಸಾಕು. ರಕ್ತದ ಟೆಸ್ಟ್ ಮೂರು ತಿಂಗಳ ಮೇಲೆ ಮತ್ತೆ ಮಾಡಿಸಿ, ಎಚ್‌ಬಿಎ1ಸಿ ಬದಲಾಗಲು ಅಷ್ಟು ಸಮಯ ಬೇಕು.

ಜೇನು-ನಿಂಬೆ ಬಿಸಿನೀರು ಕುಡಿಯಿರಿ, ಬೇಡ ಅನ್ನುವುದಿಲ್ಲ, ಆದರೆ ಅದು ಕೊಬ್ಬು ಕರಗಿಸುವುದಿಲ್ಲ. ಜೀರಿಗೆ ನೀರೂ ಅಷ್ಟೆ. ಹೊಟ್ಟೆಗೆ ಕಟ್ಟುವ ಬೆಲ್ಟ್ ಬೆವರು ಇಳಿಸುತ್ತದೆ, ನೀರು ಕುಡಿದರೆ ಆ ತೂಕ ವಾಪಸ್. "ಹತ್ತು ದಿನದಲ್ಲಿ ಹೊಟ್ಟೆ ಮಾಯ" ಅನ್ನುವ ಪುಡಿಗಳಲ್ಲಿ ಏನಿರುತ್ತದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು ನಿಜವಾಗಿ ಕೆಲಸ ಮಾಡುತ್ತವೆ, ಭಾರತದಲ್ಲೂ ಸಿಗುತ್ತವೆ. ಆದರೆ ಅವು ಡಾಕ್ಟರ್ ನೋಡಿ ಬರೆಯಬೇಕಾದ ಔಷಧಿ. ಜಿಮ್‌ನಲ್ಲೋ ಪರಿಚಯದವರ ಹತ್ತಿರವೋ ತಗೊಳ್ಳುವಂಥದ್ದಲ್ಲ.

ಡಾಕ್ಟರ್ ಹತ್ತಿರ ತಡ ಮಾಡದೆ ಹೋಗಬೇಕಾದವರು

ಕೆಲವೇ ವಾರಗಳಲ್ಲಿ ಹೊಟ್ಟೆ ಊದಿಕೊಂಡು ಕಾಲೂ ಊದಿದ್ದರೆ ಅದು ಬೊಜ್ಜಲ್ಲ, ನೀರು ತುಂಬಿರಬಹುದು. ಕೈಕಾಲು ಸಣ್ಣಗಾಗುತ್ತಾ ಹೊಟ್ಟೆ ಮಾತ್ರ ಬೆಳೆದು, ಚರ್ಮದ ಮೇಲೆ ನೇರಳೆ ಗೆರೆ ಬಿದ್ದರೆ ಹಾರ್ಮೋನ್ ತೊಂದರೆ ಇರಬಹುದು. ಉಬ್ಬಸಕ್ಕೋ ಕೀಲು ನೋವಿಗೋ ಬಹಳ ದಿನ ಸ್ಟೀರಾಯ್ಡ್ ತಗೊಂಡವರಲ್ಲೂ ಹೀಗಾಗುತ್ತದೆ. ಹುಡುಗಿಯರಲ್ಲಿ ಹೊಟ್ಟೆಯ ಬೊಜ್ಜಿನ ಜೊತೆ ಮುಟ್ಟು ತಪ್ಪುತ್ತಿದ್ದರೆ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆಯಾ ನೋಡಿಸಬೇಕು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪ ಆಗಿದ್ದರೆ ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಇನ್ಸುಲಿನ್ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು ಅದು.

ನಡೆಯುವಾಗ ಎದೆ ಹಿಡಿದ ಹಾಗಾಗಿ, ನಿಂತರೆ ಕಡಿಮೆಯಾಗುತ್ತಿದ್ದರೆ ವಾಕಿಂಗ್ ನಿಲ್ಲಿಸಿ, ಮೊದಲು ಹೃದಯದ ಡಾಕ್ಟರಿಗೆ ತೋರಿಸಿ. ಎದೆಯಲ್ಲಿ ಭಾರ ಹೊತ್ತ ಹಾಗೆ ನೋವು, ತಣ್ಣನೆ ಬೆವರು, ನೋವು ಎಡಗೈಗೆ ಅಥವಾ ದವಡೆಗೆ ಹರಿಯುವುದು, ಇವು ಕಂಡಾಗ "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿದು ಮಲಗುವುದೇ ನಮ್ಮಲ್ಲಿ ಆಗುವ ದೊಡ್ಡ ತಪ್ಪು. ಶುಗರ್ ಇದ್ದವರಲ್ಲಿ, ಹೆಂಗಸರಲ್ಲಿ ನೋವು ಅಷ್ಟು ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಂತಿ ಬಂದ ಹಾಗೆ ಆಗುವುದೂ ಉಂಟು. ಗ್ಯಾಸೋ ಹೃದಯವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ, ಇಸಿಜಿ ಬೇಕು. 108ಕ್ಕೆ ಫೋನ್ ಮಾಡಿ. ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅಂತ ಕಾಯಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಕರ್ನಾಟಕದ ಅನೇಕ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕಿನಲ್ಲಿ ಅದು ಯಾವ ಆಸ್ಪತ್ರೆಯಲ್ಲಿದೆ ಅಂತ ಇವತ್ತೇ ಕೇಳಿ ತಿಳಿದುಕೊಂಡು, ಮನೆಯವರ ಫೋನಿನಲ್ಲೂ ನಂಬರ್ ಹಾಕಿಡಿ.